ಗಿರೀಶ ಕಾರ್ನಾಡ: ಮಾಥೇರಾನಿನಲ್ಲಿ ಹುಟ್ಟಿದ ಕನ್ನಡ ನಾಟಕಕಾರ

ಆಧುನಿಕ ಭಾರತೀಯ ರಂಗಭೂಮಿಯ ಅಗ್ರಗಣ್ಯ ನಾಟಕಕಾರರಲ್ಲಿ ಒಬ್ಬರಾದ ಗಿರೀಶ ಕಾರ್ನಾಡರು 1938ರ ಮೇ 19ರಂದು ಮಹಾರಾಷ್ಟ್ರದ ಮಾಥೇರಾನಿನಲ್ಲಿ ಜನಿಸಿದರು. ಅವರ ಮನೆಮಾತು ಕೊಂಕಣಿ. ಮರಾಠಿಯೂ ಇಂಗ್ಲಿಷೂ ಅವರಿಗೆ ಸರಾಗವಾಗಿದ್ದವು. ಆದರೂ ತಮ್ಮ ಬಹುಪಾಲು ನಾಟಕಗಳಿಗೆ ಅವರು ಆರಿಸಿಕೊಂಡದ್ದು ಕನ್ನಡವನ್ನೇ. ಹೊರನಾಡಿನಲ್ಲಿ ನೆಲೆಸಿರುವ ನಮಗೆ ಈ ಆಯ್ಕೆಯೇ ಅವರ ಬದುಕಿನ ಮುಖ್ಯ ಸಂಗತಿಯೆಂದು ತೋರುತ್ತದೆ.

ಬಾಲ್ಯ ಮತ್ತು ಶಿಕ್ಷಣ

ಬಾಲ್ಯದಲ್ಲಿ ಶಿರಸಿಯಲ್ಲಿ ಕಂಡ ಯಕ್ಷಗಾನ ಹಾಗೂ ಕಂಪನಿ ನಾಟಕಗಳು ಅವರಲ್ಲಿ ರಂಗಾಸಕ್ತಿಯನ್ನು ಬೆಳೆಸಿದವು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಪದವಿ ಪಡೆದು, ರೋಡ್ಸ್ ವಿದ್ಯಾರ್ಥಿವೇತನದೊಡನೆ 1960ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಇಂಗ್ಲಿಷ್ ಕವಿಯಾಗಬೇಕೆಂಬ ಹಂಬಲವಿದ್ದ ಆ ತರುಣ ಪ್ರಯಾಣದ ಸಿದ್ಧತೆಯ ನಡುವೆ ಬರೆದದ್ದು ‘ಯಯಾತಿ’ಯನ್ನು, ಅದೂ ಕನ್ನಡದಲ್ಲಿ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯು ಅದನ್ನು ಪ್ರಕಟಿಸಿತು.

‘ತುಘಲಕ್’ ಮತ್ತು ದೌಲತಾಬಾದ್

1964ರ ‘ತುಘಲಕ್’ ಅವರಿಗೆ ದೇಶವ್ಯಾಪಿ ಖ್ಯಾತಿಯನ್ನು ತಂದಿತು. 1327ರಲ್ಲಿ ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಸಾಗಿಸಿದ ಸುಲ್ತಾನನ ಆದರ್ಶಗಳು ಕ್ರೌರ್ಯವಾಗಿ ಮಾರ್ಪಡುವ ಕಥೆಯಿದು. ಉತ್ತರಾರ್ಧವು ದೌಲತಾಬಾದಿನಲ್ಲೇ ನಡೆಯುತ್ತದೆ. ಸೇವುಣರ ದೇವಗಿರಿಯೇ ಆಗಿದ್ದ ಈ ಕೋಟೆ ಇರುವುದು ವೈಜಾಪುರ ತಾಲೂಕು ಸೇರಿರುವ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ. ನಾಟಕದಲ್ಲಿ ಕೋಟೆಯ ಮೇಲೆ ಕಾವಲುಗಾರರಿಬ್ಬರು ಆಡುವ ಮಾತುಗಳು, ಅರಸನ ಆಜ್ಞೆಗೆ ಊರು ತೊರೆದ ಸಾಮಾನ್ಯರ ಪಾಡನ್ನು ತೆರೆದಿಡುತ್ತವೆ. ನೆಹರೂ ಯುಗದ ಕನಸು ಮತ್ತು ಭ್ರಮನಿರಸನಗಳನ್ನೂ ವಿಮರ್ಶಕರು ಇದರಲ್ಲಿ ಗುರುತಿಸಿದ್ದಾರೆ.

ಈ ನಾಟಕವನ್ನು ಮರಾಠಿಗೆ ತಂದವರು ಸ್ವತಃ ಶ್ರೇಷ್ಠ ನಾಟಕಕಾರರಾದ ವಿಜಯ ತೆಂಡೂಲ್ಕರ್. 1971ರ ‘ಹಯವದನ’ವನ್ನು ಚಿಂ. ತ್ರ್ಯಂ. ಖಾನೋಲ್ಕರ್ ಮರಾಠಿಗೆ ಅನುವಾದಿಸಿದರು. ದಿಲ್ಲಿಯ ಪುರಾನಾ ಕಿಲಾದಲ್ಲಿ ಇಬ್ರಾಹಿಂ ಅಲ್ಕಾಜಿಯವರು ನಿರ್ದೇಶಿಸಿದ ‘ತುಘಲಕ್’ ಇಂದಿಗೂ ರಂಗಾಸಕ್ತರ ನೆನಪಿನಲ್ಲಿದೆ. ಹೀಗೆ ಕನ್ನಡದ ಕೃತಿಗಳು ಕನ್ನಡದಲ್ಲಿ ಹುಟ್ಟಿಯೇ ಭಾರತದ ಕೃತಿಗಳಾದವು.

ಅಮೆರಿಕದ ನಂಟು

1987–88ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ, ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ‘ನಾಗಮಂಡಲ’ವನ್ನು ರಚಿಸಿದರು. 1993ರಲ್ಲಿ ಮಿನಿಯಾಪೊಲಿಸ್‌ನ ಗತ್ರಿ ರಂಗಮಂದಿರವು ಅದನ್ನು ಪ್ರದರ್ಶಿಸಿತು. ಅದೇ ಸಂಸ್ಥೆಯ ಕೋರಿಕೆಯಿಂದ ‘ಅಗ್ನಿ ಮತ್ತು ಮಳೆ’ ರೂಪುಗೊಂಡಿತು.

ಇತರ ಸೇವೆ ಮತ್ತು ಗೌರವಗಳು

ಕಾರ್ನಾಡರು 1974–75ರಲ್ಲಿ ಪುಣೆಯ ಚಲನಚಿತ್ರ ಸಂಸ್ಥೆಯ ನಿರ್ದೇಶಕರಾಗಿ, 1988ರಿಂದ 1993ರವರೆಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. ‘ತಲೆದಂಡ’ಕ್ಕೆ 1994ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. 1998ರ ಜ್ಞಾನಪೀಠ ಪ್ರಶಸ್ತಿಗೂ ಅವರು ಭಾಜನರಾದರು. ಆತ್ಮಕಥೆ ‘ಆಡಾಡತ ಆಯುಷ್ಯ’ 2011ರಲ್ಲಿ ಪ್ರಕಟವಾಯಿತು. 2019ರ ಜೂನ್ 10ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಮಾತನಾಡುತ್ತಾರೆ, ಆದರೆ ಓದಲು ಹಿಂಜರಿಯುತ್ತಾರೆ. ಹಲವು ಭಾಷೆಗಳ ನಡುವೆ ಬೆಳೆಯುವುದು ಕನ್ನಡಕ್ಕೆ ಅಡ್ಡಿಯಲ್ಲವೆಂಬುದಕ್ಕೆ ಕಾರ್ನಾಡರ ಬದುಕೇ ನಿದರ್ಶನ. ಮುಂದಿನ ರಜೆಯಲ್ಲಿ ಮಕ್ಕಳೊಡನೆ ದೌಲತಾಬಾದಿಗೆ ಹೊರಡುವ ಮುನ್ನ ‘ತುಘಲಕ್’ನ ಒಂದೆರಡು ದೃಶ್ಯಗಳನ್ನಾದರೂ ಮನೆಯಲ್ಲಿ ಎಲ್ಲರೂ ಕೂಡಿ ಗಟ್ಟಿಯಾಗಿ ಓದಬೇಕೆಂದು ನಾವು ವಿನಂತಿಸುತ್ತೇವೆ.