ಮ್ಯಾನ್ಲಿ: ವಿಹಾರದ ಊರು, ಕ್ವಾರಂಟೈನಿನ ಗುಡ್ಡ

ಊರಿನಿಂದ ಬಂದ ತಂದೆತಾಯಿಯರನ್ನೋ ನೆಂಟರನ್ನೋ ಮ್ಯಾನ್ಲಿಗೆ ಕರೆದೊಯ್ಯದ ಕನ್ನಡದ ಮನೆ ಸಿಡ್ನಿಯಲ್ಲಿ ಇರಲಾರದು. ಮ್ಯಾಕ್ವೆರಿ ಪಾರ್ಕಿನಲ್ಲಿ ಮೆಟ್ರೋ ಹತ್ತಿ, ಮಾರ್ಟಿನ್ ಪ್ಲೇಸಿನಲ್ಲಿಳಿದು, ಸರ್ಕ್ಯುಲರ್ ಕೀವರೆಗೆ ನಡೆದು ಫೆರಿಯನ್ನೇರಿದರೆ ಸುಮಾರು ಅರ್ಧ ಗಂಟೆಯ ಜಲಯಾನ. ಬಂದರಿನ ಬಾಯಿಯ ಬಳಿ ತೆರೆಗಳೆದ್ದು ಹಡಗು ತುಸು ಓಲಾಡುವಾಗ ಎಲ್ಲರೂ ಮೊಬೈಲ್ ಹಿಡಿದು ಎಡಬಲ ನೋಡುತ್ತಾರೆ. ಆಗ ಬಲಗಡೆಗೆ ಕಾಣುವ ಗುಡ್ಡ ನಾರ್ತ್ ಹೆಡ್. ಅದರ ಇಳಿಜಾರಿನಲ್ಲಿ ಮರಗಳ ನಡುವೆ ಇಣುಕುವ ಹಳೆಯ ಕಟ್ಟಡಗಳತ್ತ ಹೆಚ್ಚಿನವರ ಕಣ್ಣು ಹೋಗುವುದಿಲ್ಲ. ವೈದ್ಯವೃತ್ತಿಯಲ್ಲಿರುವ ನಮಗಾದರೋ ಆ ಗುಡ್ಡವನ್ನು ಬಿಟ್ಟರೆ ಮ್ಯಾನ್ಲಿಯ ಚರಿತ್ರೆ ಅರ್ಧವೇ ಎನಿಸುತ್ತದೆ.

ಮೊದಲು ಹೆಸರಿನ ವಿಚಾರ. 1788ರ ಜನವರಿಯಲ್ಲಿ ಗವರ್ನರ್ ಆರ್ಥರ್ ಫಿಲಿಪ್ ಈ ಬಂದರನ್ನು ಹೊಕ್ಕಾಗ ಇಲ್ಲಿನ ಮೂಲನಿವಾಸಿಗಳ ಧೈರ್ಯವನ್ನೂ ಪೌರುಷದ ನಡವಳಿಕೆಯನ್ನೂ ಮೆಚ್ಚಿ ಈ ಜಾಗಕ್ಕೆ ಮ್ಯಾನ್ಲಿ ಎಂದು ಹೆಸರಿಟ್ಟನು. ನಮ್ಮವರಾಗಿದ್ದರೆ ‘ಗಂಡುಮೆಟ್ಟಿದ ನಾಡು’ ಎಂದುಬಿಡುತ್ತಿದ್ದರೇನೋ. ಮೆಚ್ಚಿದ ಆ ಗವರ್ನರನೇ ಅದೇ ವರ್ಷದ ಡಿಸೆಂಬರ್ 31ರಂದು ಅದೇ ತೀರದಿಂದ ಅರಬನೂ ಎಂಬವನನ್ನು ಬಲವಂತವಾಗಿ ಹಿಡಿದು ತರಿಸಿದನು. ಅವನಿಂದ ಇಲ್ಲಿನ ಭಾಷೆಯನ್ನೂ ರೀತಿನೀತಿಗಳನ್ನೂ ಅರಿಯಬೇಕೆಂಬುದು ಉದ್ದೇಶ. ಆದರೆ 1789ರ ಏಪ್ರಿಲಿನಲ್ಲಿ ಬಂದರಿನ ಸುತ್ತಲಿನ ಮೂಲನಿವಾಸಿಗಳಲ್ಲಿ ಸಿಡುಬು ಹಬ್ಬಿತು. ಗುಹೆಗಳಲ್ಲಿ, ದಂಡೆಗಳಲ್ಲಿ ಶವಗಳು ಬಿದ್ದಿದ್ದವು. ಮೇ ತಿಂಗಳಲ್ಲಿ ಅರಬನೂ ಕೂಡ ಸಿಡುಬಿನಿಂದಲೇ ತೀರಿಕೊಂಡನು. ಆ ರೋಗ ಎಲ್ಲಿಂದ ಬಂದಿತೆಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಅದರ ಪರಿಣಾಮದ ಬಗ್ಗೆ ಮಾತ್ರ ವಾದವಿಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ, ದಡಕ್ಕೆ ಬಿದ್ದಿದ್ದ ತಿಮಿಂಗಿಲದ ಔತಣ ನಡೆಯುತ್ತಿದ್ದಾಗ, ಇದೇ ಮ್ಯಾನ್ಲಿಯಲ್ಲಿ ಫಿಲಿಪ್‌ನ ಹೆಗಲಿಗೆ ಈಟಿ ನಾಟಿತು. ಅದನ್ನು ಹೊರತೆಗೆದವನು ಶಸ್ತ್ರವೈದ್ಯ ವಿಲಿಯಂ ಬಾಲ್ಮೇನ್. ಆತನ ಹೆಸರಿನ ಬಡಾವಣೆಯಲ್ಲಿ ಇಂದು ನಮ್ಮ ಸ್ನೇಹಿತರು ಕೆಲವರು ಕಾಫಿ ಕುಡಿಯುತ್ತಾರೆ.

ಈ ಮೌನದ ತೀರವನ್ನು ವಿಹಾರಧಾಮವಾಗಿಸಿದವನು ಹೆನ್ರಿ ಗಿಲ್ಬರ್ಟ್ ಸ್ಮಿತ್ ಎಂಬ ವ್ಯಾಪಾರಿ. 1850ರ ದಶಕದಲ್ಲಿ ಇಲ್ಲಿ ವಿಸ್ತಾರವಾದ ಭೂಮಿಯನ್ನು ಕೊಂಡು, ಇಂಗ್ಲೆಂಡಿನ ಬ್ರೈಟನ್ನಿನಂತಹ ಊರನ್ನು ಕಟ್ಟಬೇಕೆಂದು ಹೊರಟನು. ದಕ್ಕೆ, ಹೋಟೆಲು, ಸ್ನಾನಗೃಹಗಳಾದವು. ಬಂದರಿನ ಕಡೆಯ ದಂಡೆಯಿಂದ ಸಾಗರದ ಕಡೆಯ ದಂಡೆಗೆ ನೇರವಾಗಿ ಸಾಗುವ ಬೀದಿಗೆ ರೋಮಿನ ಬೀದಿಯ ನೆನಪಿನಲ್ಲಿ ‘ಕೋರ್ಸೊ’ ಎಂದು ಹೆಸರಾಯಿತು. ನಾರ್ಫೋಕ್ ದ್ವೀಪದ ಪೈನ್ ಗಿಡಗಳು ಬೇರೂರಿದವು. ಗುಡ್ಡದ ಮೇಲೆ ಅವನು ನಿಲ್ಲಿಸಿದ ಕಲ್ಲಿನ ಕಾಂಗರೂ ಇಂದಿಗೂ ಇದೆ. ಕಾಂಗರೂವಿಗಿಂತ ಕರಡಿಯನ್ನೇ ಹೆಚ್ಚು ಹೋಲುವ ಅದನ್ನು ಮಕ್ಕಳಿಗೆ ತಪ್ಪದೆ ತೋರಿಸಬೇಕು. ಸಿಡ್ನಿಯಿಂದ ಏಳು ಮೈಲಿ, ಚಿಂತೆಯಿಂದ ಸಾವಿರ ಮೈಲಿ ಎಂದು ಫೆರಿ ಕಂಪನಿ ಮುಂದೆ ಜಾಹೀರಾತು ನೀಡಿತು. ಮಾರಾಟವಾದ ಸರಕು ಆರೋಗ್ಯ: ಕಡಲ ಗಾಳಿ, ಉಪ್ಪುನೀರು, ಬಿಸಿಲು.

ವಿಚಿತ್ರವೆಂದರೆ, ಸ್ಮಿತ್ ಬರುವ ಮೊದಲೇ ಪಕ್ಕದ ಗುಡ್ಡವನ್ನು ಸರ್ಕಾರ ರೋಗಕ್ಕೆಂದು ಮೀಸಲಿಟ್ಟಾಗಿತ್ತು. ಯೂರೋಪಿನಲ್ಲಿ ಕಾಲರಾ ಹಬ್ಬಿದ ಸುದ್ದಿ ಬಂದ 1832ರಲ್ಲಿ ನಾರ್ತ್ ಹೆಡ್ ಕ್ವಾರಂಟೈನ್ ನೆಲೆಯಾಯಿತು. 1984ರವರೆಗೂ ಹಾಗೆಯೇ ಉಳಿಯಿತು. ಸಿಡುಬು, ಟೈಫಸ್, ಪ್ಲೇಗ್, ಇನ್‌ಫ್ಲುಯೆಂಜಾ ಎಂದು ಸಂಶಯ ಬಂದ ಹಡಗುಗಳು ಇಲ್ಲಿ ನಿಲ್ಲಬೇಕಿತ್ತು. ಸಾಮಾನುಗಳನ್ನು ದೊಡ್ಡ ಉಗಿಯಂತ್ರಗಳಲ್ಲಿ ಬೇಯಿಸಿದಂತೆ ಶುದ್ಧಿಗೊಳಿಸಿ, ಪ್ರಯಾಣಿಕರಿಗೆ ಕಾರ್ಬಾಲಿಕ್ ಬೆರೆಸಿದ ನೀರಿನಲ್ಲಿ ಸ್ನಾನ ಮಾಡಿಸುತ್ತಿದ್ದರು. ಹಡಗಿನಲ್ಲಿ ಮೊದಲ ದರ್ಜೆಯ ಟಿಕೆಟ್ ಕೊಂಡವನಿಗೆ ಗುಡ್ಡದ ಮೇಲೂ ಮೊದಲ ದರ್ಜೆಯ ಕೋಣೆ, ಬೇರೆಯೇ ಊಟದ ಮನೆ. ‘ಏಷಿಯಾಟಿಕ್’ ಎಂದು ಪಟ್ಟಿಯಾದವರಿಗೆ ಪ್ರತ್ಯೇಕವಾದ, ಎಲ್ಲರಿಗಿಂತ ಕೀಳಾದ ವಸತಿ. ಸಿಡುಬಿಗೆ ಇಲ್ಲದ ಪಂಕ್ತಿಭೇದ ಕ್ವಾರಂಟೈನಿಗೆ ಇತ್ತು.

1900ರ ಪ್ಲೇಗಿನ ಕಥೆ ಕನ್ನಡಿಗರಿಗೆ ಹತ್ತಿರದ್ದು. ಹಾಂಗ್‌ಕಾಂಗಿನಿಂದ ಮುಂಬಯಿಗೆ, ಅಲ್ಲಿಂದ ಮೈಸೂರು ಸೀಮೆಗೆ ಬಂದ ಆ ಮಹಾಮಾರಿ 1898ರಲ್ಲಿ ಬೆಂಗಳೂರನ್ನು ತತ್ತರಿಸಿತು. ಜನ ಮನೆಗಳನ್ನು ತೊರೆದು ಬಯಲಿನ ಷೆಡ್ಡುಗಳಲ್ಲಿ ವಾಸ ಮಾಡಿದರು. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಅದೇ ಭಯದ ನೆರಳಿನಲ್ಲಿ. ಅದೇ ಮಾರಿಯ ಇನ್ನೊಂದು ಕೈ 1900ರ ಜನವರಿಯಲ್ಲಿ ಸಿಡ್ನಿಯ ದಕ್ಕೆಗಳನ್ನು ಮುಟ್ಟಿತು. ಆಗಸ್ಟಿನೊಳಗೆ 303 ಮಂದಿಗೆ ರೋಗ ತಗುಲಿ 103 ಮಂದಿ ಸತ್ತರು. ರೋಗಿಗಳನ್ನೂ ಅವರ ಮನೆಮಂದಿಯನ್ನೂ ದೋಣಿಯಲ್ಲಿ ನಾರ್ತ್ ಹೆಡ್ಡಿಗೆ ಸಾಗಿಸಿದರು. ಮುಂಬಯಿಯಲ್ಲಿ ಹಾಫ್ಕಿನ್ ತಯಾರಿಸಿದ್ದ ಪ್ಲೇಗ್ ಲಸಿಕೆ ಇಲ್ಲಿಯೂ ಬಳಕೆಗೆ ಬಂತು. ಸಿಡ್ನಿಯ ವೈದ್ಯಾಧಿಕಾರಿ ಆಶ್‌ಬರ್ಟನ್ ಥಾಂಪ್ಸನ್ ಪ್ರತಿಯೊಂದು ಪ್ರಕರಣವನ್ನೂ ಇಲಿಗಳ ಸಾವಿನೊಡನೆ ತಾಳೆ ನೋಡಿ, ಇಲಿಯಿಂದ ಮನುಷ್ಯನಿಗೆ ರೋಗವನ್ನು ಒಯ್ಯುವುದು ಚಿಗಟವೆಂಬ ವಾದಕ್ಕೆ ದೊಡ್ಡ ಬಲ ತಂದನು. ನಮ್ಮ ಎಂಬಿಬಿಎಸ್ ಪಠ್ಯದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಸಂಗತಿಯ ಹಿಂದೆ ಈ ಬಂದರಿನ ದುಡಿಮೆಯೂ ಇದೆ.

ಗುಡ್ಡದ ಮೇಲೆ ಹೀಗಿರಲು ಕೆಳಗಿನ ಊರಿನಲ್ಲಿ ಬೇರೊಂದು ಜಗಳ. ಹಗಲುಹೊತ್ತಿನಲ್ಲಿ ಜನರ ಕಣ್ಣಿಗೆ ಬೀಳುವಂತೆ ಕಡಲಲ್ಲಿ ಮೀಯುವುದು ಅಪರಾಧವಾಗಿತ್ತು. ಗೋಕರ್ಣದ ದಂಡೆಯನ್ನು ಕಂಡವರಿಗೆ ಇದು ನಗೆ ತರಿಸೀತು. 1902ರ ಅಕ್ಟೋಬರಿನಲ್ಲಿ ಸ್ಥಳೀಯ ಪತ್ರಿಕೆಯ ಸಂಪಾದಕ ವಿಲಿಯಂ ಗೋಚರ್ ಮೊದಲೇ ಪ್ರಕಟಿಸಿ ನಡುಹಗಲಲ್ಲಿ ನೀರಿಗಿಳಿದನು. ಮರುವರ್ಷ ಪುರಸಭೆ ಮಣಿಯಿತು, ಕುತ್ತಿಗೆಯಿಂದ ಮಂಡಿಯವರೆಗೆ ಬಟ್ಟೆ ಇರಬೇಕೆಂಬ ಷರತ್ತಿನೊಡನೆ. ಜನ ನೀರಿಗಿಳಿದಂತೆ ಮುಳುಗುವವರೂ ಹೆಚ್ಚಿದರು. ಜೀವರಕ್ಷಕ ಸಂಘಗಳು ಹುಟ್ಟಿದ್ದು ಆಗಲೇ. 1964ರಲ್ಲಿ ಮೊದಲ ವಿಶ್ವ ಸರ್ಫಿಂಗ್ ಚಾಂಪಿಯನ್‌ಶಿಪ್ ಇಲ್ಲಿಯೇ ನಡೆಯಿತು. ನಮ್ಮವರು ಮಾತ್ರ ದಯವಿಟ್ಟು ಕೆಂಪು-ಹಳದಿ ಬಾವುಟಗಳ ನಡುವೆಯೇ ಇಳಿಯಿರಿ. ಸೀರೆ, ಜೀನ್ಸ್ ಉಟ್ಟು ಅಲೆಗಳಿಗೆ ಎದುರಾಗಬೇಡಿ.

1960ರ ದಶಕದಲ್ಲಿ ಇಲ್ಲಿನ ಪೈನ್ ಮರಗಳು ಒಣಗತೊಡಗಿದವು. ಕಾರಣ ಕಂಡಾಗ ಊರಿಗೆ ನಾಚಿಕೆಯಾಗಬೇಕಿತ್ತು. ನಾರ್ತ್ ಹೆಡ್ಡಿನಿಂದ ಕಡಲಿಗೆ ಬಿಡುತ್ತಿದ್ದ ನಗರದ ಚರಂಡಿ ನೀರಿನಲ್ಲಿದ್ದ ಬಟ್ಟೆ ತೊಳೆಯುವ ಡಿಟರ್ಜೆಂಟು ಕಡಲ ತುಂತುರಿನೊಡನೆ ಹಾರಿಬಂದು ಎಲೆಗಳ ಮೇಣವನ್ನು ಕರಗಿಸುತ್ತಿತ್ತು. ಆರೋಗ್ಯವೆಂದು ಮಾರಿದ ಗಾಳಿಯೇ ಮರಗಳನ್ನು ಕೊಲ್ಲುತ್ತಿತ್ತು. 1990ರಲ್ಲಿ ಆಳಸಮುದ್ರಕ್ಕೆ ಕೊಳವೆ ಹಾಕಿದ ಮೇಲೆ ತೀರದ ನೀರು ತಿಳಿಯಾಯಿತು.

ಕ್ವಾರಂಟೈನ್ ನೆಲೆ ಈಗ ಹೋಟೆಲು. ಒಮ್ಮೆ ಹೊರಬರಲು ಹಂಬಲಿಸಿದ ಕೋಣೆಗಳಲ್ಲಿ ಇಂದು ಜನ ಹಣ ಕೊಟ್ಟು ತಂಗುತ್ತಾರೆ. ಮ್ಯಾನ್ಲಿ ದಕ್ಕೆಯಿಂದ ಬಸ್ಸಿದೆ. ದಂಡೆಯ ಬಳಿಯ ಮರಳುಗಲ್ಲಿನ ಬಂಡೆಗಳ ಮೇಲೆ, ಕಾಯುತ್ತ ಕುಳಿತವರು ತಮ್ಮ ಹಡಗಿನ ಹೆಸರನ್ನೂ ಇಸವಿಯನ್ನೂ ಕೆತ್ತಿದ್ದಾರೆ. ಇಂಗ್ಲಿಷ್, ಚೀನೀ, ಜಪಾನೀ, ಅರಬ್ಬೀ ಅಕ್ಷರಗಳಿವೆ. ಕನ್ನಡಕ್ಕಾಗಿ ಕಣ್ಣಾಡಿಸಿದೆವು, ಕಾಣಲಿಲ್ಲ. ಅಲ್ಲಿಂದ ಮೇಲೇರಿದರೆ ಮೂರನೆಯ ಸ್ಮಶಾನ ಸಿಗುತ್ತದೆ. ಸಿಡುಬು, ಪ್ಲೇಗ್, 1919ರ ಇನ್‌ಫ್ಲುಯೆಂಜಾಕ್ಕೆ ತುತ್ತಾದವರು ಅಲ್ಲಿದ್ದಾರೆ. ಅವರಲ್ಲಿ ಅನೇಕರು ತಲುಪಲಾಗದೆ ಹೋದ ಸಿಡ್ನಿ ನಗರ ಆ ಸಮಾಧಿಗಳ ನಡುವೆ ನಿಂತರೆ ಸ್ಪಷ್ಟವಾಗಿ ಕಾಣುತ್ತದೆ.