ಸಂಕ್ರಾಂತಿ ಕಾರ್ಡ್: ಲಕೋಟೆಯೊಳಗಿನ ಕುಸುರೆಳ್ಳು, ಅದನ್ನು ಹೊತ್ತು ತಂದವರು

ಜನವರಿ 14-15ರ ಸಂಕ್ರಮಣಕ್ಕೆ ಉತ್ತರ ಕರ್ನಾಟಕದಲ್ಲಿ ಅಂಚೆ ಮೂಲಕ ಕಳಿಸುತ್ತಿದ್ದ ಶುಭಾಶಯ ಪತ್ರವೇ ಸಂಕ್ರಾಂತಿ ಕಾರ್ಡ್. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪೇಟೆಗಳಲ್ಲಿ ಅಂಗಡಿ ಮುಂದೆ ದಾರ ಕಟ್ಟಿ ಇವನ್ನು ನೇತುಹಾಕುತ್ತಿದ್ದರು. ಹೂವು, ದೇವರು, ಸಿನಿಮಾ ನಟರು, ಎಲ್ಲರೂ ಒಂದೇ ದಾರದಲ್ಲಿ.

ಕಾರ್ಡಿನ ಜೊತೆ ನಾಲ್ಕು ಕಾಳು ಕುಸುರೆಳ್ಳು ಹಾಕುವುದು ರೂಢಿ. ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು ಅಂತ ಎದುರಿಗೆ ನಿಂತು ಹೇಳಬೇಕಾದ ಮಾತು. ದೂರದಲ್ಲಿದ್ದವರಿಗೆ ಅಂಚೆಯಣ್ಣ ಹೇಳುತ್ತಿದ್ದ. ದಸರೆಗೆ ಬನ್ನಿ ಎಲೆಯೂ ಹೀಗೇ ಲಕೋಟೆ ಸೇರುತ್ತಿತ್ತು. ಮಹಾರಾಷ್ಟ್ರದಲ್ಲಿ ತಿಳಗುಳ ಕಾರ್ಡ್ ಇದೆ. ಐರ್ಲೆಂಡಿನಲ್ಲಿ ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನಕ್ಕೆ, ಹೊಟ್ಟೆಪಾಡಿಗೆ ಅಮೆರಿಕ ಸೇರಿದ ಮಕ್ಕಳಿಗೆ ಮನೆಯವರು ಮೂರೆಲೆಯ ಶಾಮ್‌ರಾಕ್ ಸೊಪ್ಪನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಗುಳೆ ಹೋದವರಿದ್ದಲ್ಲೆಲ್ಲ ಹಬ್ಬ ಲಕೋಟೆಯಲ್ಲೇ ಪ್ರಯಾಣ ಮಾಡಿದೆ.

ಕಾರ್ಡ್ ಬಡವರ ಕೈಗೂ ಎಟುಕಿದ್ದಕ್ಕೆ ದೊಡ್ಡ ಕಾರಣ ಬುಕ್ ಪೋಸ್ಟ್. ಲಕೋಟೆಯ ಬಾಯಿ ಅಂಟಿಸಬಾರದಿತ್ತು, ಒಳಗೆ ಖಾಸಗಿ ಪತ್ರ ಇರಬಾರದಿತ್ತು. ಇಷ್ಟು ಪಾಲಿಸಿದರೆ ಕಡಿಮೆ ದರ ಇತ್ತು. ಅಂಟಿಸದ ಲಕೋಟೆಯಿಂದ ಕುಸುರೆಳ್ಳು ಉದುರಿ ಅಂಚೆ ಚೀಲದ ತಳ ಸೇರಿದ್ದೆಷ್ಟೋ! ಇನ್ನೂ ಅವಸರವಿದ್ದವರಿಗೆ ಶುಭಾಶಯದ ಟೆಲಿಗ್ರಾಂ ಇತ್ತು. ಸಿದ್ಧ ವಾಕ್ಯಗಳಿಗೆ ನಂಬರ್ ಇರುತ್ತಿತ್ತು, ನಂಬರ್ ಬರೆದುಕೊಟ್ಟರೆ ಸಾಕು. ಒಂದು ಥರ ಆ ಕಾಲದ ಫಾರ್ವರ್ಡ್ ಮೆಸೇಜ್. ಅದು 2013ರ ಜುಲೈನಲ್ಲಿ ನಿಂತಿತು.

ಹಾವೇರಿ ಪಕ್ಕದ ಅಗಡಿಗೆ ಅಂಚೆಯ ನಂಟು ಹಳೆಯದು. 20ನೇ ಶತಮಾನದ ಆರಂಭದಲ್ಲಿ ಇಲ್ಲಿನ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಸಂಪಾದಕರು ಗಳಗನಾಥರು. ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದವರು ಅವರು. ಹಳ್ಳಿಯೊಂದರಿಂದ ಹೊರಟ ಪತ್ರಿಕೆ ನಾಡಿನ ಓದುಗರನ್ನು ಮುಟ್ಟಬೇಕಾದರೆ ಅಗ್ಗದ ಅಂಚೆಯೇ ಗತಿ.

ವಾಟ್ಸಾಪ್ ಬಂದು ಕಾರ್ಡ್ ಸತ್ತಿತು ಅನ್ನುವುದು ಅರ್ಧ ಸತ್ಯ ಮಾತ್ರ. ಅಂಚೆಯನ್ನು ಸೇವೆ ಅಂತ ನೋಡಬೇಕೋ, ವ್ಯಾಪಾರ ಅಂತಲೋ ಎಂಬುದು ರಾಜಕೀಯ ತೀರ್ಮಾನ. 1898ರ ಕಾಯ್ದೆ ಹೋಗಿ 2023ರ ಅಂಚೆ ಕಚೇರಿ ಕಾಯ್ದೆ ಬಂತು, 2024ರ ಜೂನ್ 18ರಂದು ಜಾರಿಯಾಯಿತು. ಪತ್ರ ಸಾಗಣೆಯ ಮೇಲೆ ಸರ್ಕಾರಕ್ಕಿದ್ದ ವಿಶೇಷ ಹಕ್ಕು ಅದರಲ್ಲಿಲ್ಲ. ಆದರೆ ಪತ್ರಗಳನ್ನು ತಡೆದು ತೆರೆಯುವ ಅಧಿಕಾರವನ್ನು ಮಾತ್ರ ಸರ್ಕಾರ ಬಿಟ್ಟುಕೊಟ್ಟಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಡೆನ್ಮಾರ್ಕಿನ ಸರ್ಕಾರಿ ಅಂಚೆಯಂತೂ 2025ರ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸಿತು.

ನಮ್ಮಲ್ಲಿ ಹಳ್ಳಿ ಮನೆಬಾಗಿಲಿಗೆ ಪತ್ರ ತರುವವರು ಬಹುತೇಕ ಗ್ರಾಮೀಣ ಡಾಕ್ ಸೇವಕರು. ದಿನಕ್ಕೆ ನಾಲ್ಕೈದು ತಾಸಿನ ಕೆಲಸ ಅಂತ ಲೆಕ್ಕ. ಕಮಲೇಶ್ ಚಂದ್ರ ಸಮಿತಿ ವರದಿ ಜಾರಿಯಾಗಲಿ ಎಂದು 2018ರಲ್ಲಿ ಮುಷ್ಕರ ಹೂಡಿದ ಮೇಲೆ ಸಿಕ್ಕ ಮೂಲ ಭತ್ಯೆ, ನಾಲ್ಕು ತಾಸಿನ ಡಾಕ್ ಸೇವಕರಿಗೆ 10,000 ರೂಪಾಯಿ. ಕಾಯಂ ನೌಕರರ ಸ್ಥಾನ ಇಂದಿಗೂ ಇಲ್ಲ. ಅವರ ಚೀಲದಲ್ಲಿ ಬರುವ ಪೋಸ್ಟ್‌ಕಾರ್ಡಿನ ಬೆಲೆ ಮಾತ್ರ ದಶಕಗಳಿಂದ ಅದೇ 50 ಪೈಸೆ.