ಬೆಳೆಸೋದು ಯಾರು, ಹಬ್ಬಿಸೋದು ಯಾರು?

ಇವತ್ತಿನ ಕಥೆ ಯಕೃತ್ತಿನದು, ಅಂದ್ರೆ ಲಿವರ್‌ನದು. ನನ್ನ ಸೋದರಮಾವ ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಪರೇಷನ್‌ಗೆ ಮುಂಚೆ ಡಾಕ್ಟರು, "ಲಿವರ್ ಕತ್ತರಿಸಿದರೂ ಮತ್ತೆ ಬೆಳೆಯುತ್ತೆ" ಅಂತ ಧೈರ್ಯ ಹೇಳಿದ್ರು. ಬೆಳೀತು ಕೂಡ. ಆದರೆ ವರ್ಷದೊಳಗೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತು. "ಬೆಳೆಸೋದು ಯಾರಪ್ಪಾ, ಹಬ್ಬಿಸೋದು ಯಾರು?" ಅಂತ ಮಾವ ಕೇಳಿದ್ದು ನನ್ನ ತಲೆಯಲ್ಲೇ ಉಳಿಯಿತು.

1984ರಲ್ಲಿ ಜಪಾನಿನ ತೊಶಿಕಾಜು ನಕಮುರಾ ಮತ್ತು ಸಂಗಡಿಗರು ಇಲಿಗಳ ಲಿವರ್‌ನ ಒಂದು ಭಾಗ ತೆಗೆದು, ಅವುಗಳ ರಕ್ತವನ್ನು ಪರೀಕ್ಷಿಸಿದರು. ಲಿವರ್ ಕೋಶಗಳನ್ನು ಬೆಳೆಸುವ ಪ್ರೋಟೀನ್ ಒಂದು ಅದರಲ್ಲಿತ್ತು. ಅದಕ್ಕೆ ಹೆಪಟೊಸೈಟ್ ಗ್ರೋತ್ ಫ್ಯಾಕ್ಟರ್, ಅಂದ್ರೆ ಎಚ್‌ಜಿಎಫ್ ಎಂದು ಹೆಸರಾಯಿತು.

ಅತ್ತ ಇಂಗ್ಲೆಂಡಿನಲ್ಲಿ ಮೈಕಲ್ ಸ್ಟೋಕರ್ ತಂಡ ಬೇರೆಯದನ್ನೇ ನೋಡುತ್ತಿತ್ತು. ಒಂದಕ್ಕೊಂದು ಅಂಟಿಕೊಂಡಿದ್ದ ಕೋಶಗಳು ಯಾವುದೋ ಪ್ರೋಟೀನ್ ತಾಗಿದರೆ ಸಾಕು, ಜಾತ್ರೆ ಮುಗಿದ ಜನರ ಹಾಗೆ ಚದುರಿ ಹೋಗುತ್ತಿದ್ದವು. 1987ರಲ್ಲಿ ಪ್ರಕಟವಾದ ಆ ಸಂಶೋಧನೆಯಲ್ಲಿ ಅದರ ಹೆಸರು ಸ್ಕ್ಯಾಟರ್ ಫ್ಯಾಕ್ಟರ್, ಚದುರಿಸುವ ಅಂಶ.

1991ರಲ್ಲಿ ಗೊತ್ತಾಯ್ತು ನೋಡಿ: ಎರಡೂ ಒಂದೇ ಪ್ರೋಟೀನ್! ಬೀಗ ಕೂಡ ಒಂದೇ. 1984ರಲ್ಲೇ ಕ್ಯಾನ್ಸರ್ ಜೀನ್ ಎಂದು ಪತ್ತೆಯಾಗಿದ್ದ ಮೆಟ್‌ನಿಂದ ತಯಾರಾಗುವ ಗ್ರಾಹಕ ಅದು, ಕೋಶದ ಹೊರಮೈಯಲ್ಲಿ ಇರುತ್ತೆ. ಎಚ್‌ಜಿಎಫ್ ಬಂದು ಕೂತರೆ ಕೋಶದೊಳಗೆ ಸಂದೇಶ ಹರಿಯುತ್ತೆ: ವಿಭಜನೆಯಾಗು, ಪಕ್ಕದವರ ಕೈ ಬಿಡು, ನಡೆ.

ಇದು ಕ್ಯಾನ್ಸರ್ ಹುಟ್ಟುಹಾಕಿದ ಸಂದೇಶವಲ್ಲ. 1995ರಲ್ಲಿ ಇಲಿಮರಿಗಳ ಭ್ರೂಣದಲ್ಲಿ ಎಚ್‌ಜಿಎಫ್ ಇಲ್ಲದಂತೆ ಮಾಡಿದಾಗ ಲಿವರ್ ಸರಿಯಾಗಿ ಬೆಳೆಯಲಿಲ್ಲ. ಮೆಟ್ ಇಲ್ಲದ ಭ್ರೂಣಗಳಲ್ಲಿ ಸ್ನಾಯುವಾಗಬೇಕಿದ್ದ ಕೋಶಗಳು ಕೈಕಾಲುಗಳಿಗೆ ಹೋಗಿ ತಲುಪಲೇ ಇಲ್ಲ. ಗಾಯ ಮಾಗಿದ ಮೇಲೆ ಆರೋಗ್ಯವಂತ ಲಿವರ್ ಈ ಸಂದೇಶವನ್ನು ನಿಲ್ಲಿಸುತ್ತೆ. ಗೆಡ್ಡೆಯ ಕೋಶಗಳು ಮಾತ್ರ ಎಷ್ಟೋ ಸಲ ಮೆಟ್ ಹೆಚ್ಚಿಸಿಕೊಂಡು, ಅದನ್ನೇ ಹಿಡಿದು ರಕ್ತನಾಳದತ್ತ ಹೊರಡುತ್ತವೆ.

ಹಾಗಾದ್ರೆ ಮೆಟ್‌ಗೆ ಅಡ್ಡಗಟ್ಟಿದರೆ ಆಯ್ತಲ್ಲ? ಅಷ್ಟು ಸುಲಭ ಅಲ್ಲ. ಮೆಟ್ ಹೆಚ್ಚಿರುವ ರೋಗಿಗಳನ್ನೇ ಆರಿಸಿ ಟಿವಾಂಟಿನಿಬ್ ಕೊಟ್ಟರೂ ಆಯಸ್ಸು ಹೆಚ್ಚಲಿಲ್ಲ ಎಂದು 2018ರಲ್ಲಿ ವರದಿಯಾಯಿತು. ಅದೇ ವರ್ಷ, ಮೆಟ್ ಜೊತೆಗೆ ರಕ್ತನಾಳ ಬೆಳೆಸುವ ಸಂದೇಶವನ್ನೂ ತಡೆಯುವ ಕ್ಯಾಬೋಜಾಂಟಿನಿಬ್ ಸ್ವಲ್ಪ ಫಲ ಕೊಟ್ಟಿತು. ರೋಗಿಗಳು ಬದುಕಿದ ಮಧ್ಯಮ ಅವಧಿ 8 ತಿಂಗಳಿಂದ 10.2 ತಿಂಗಳಿಗೆ ಏರಿತು.

ಎರಡು ತಿಂಗಳು. ಕೇಳೋಕೆ ಕಡಿಮೆ. ಆದರೆ ಮಾವನ ಮನೆಯಲ್ಲಿ ಮಗಳ ಮದುವೆಗೆ ಆರೇ ವಾರ ಬಾಕಿ ಇತ್ತು.

ಅವರ ದೇಹದಲ್ಲಿ ಇದೇ ನಡೀತು ಅಂತ ನಾನು ಹೇಳಲಾರೆ. ಆದರೆ ಅವರ ಪ್ರಶ್ನೆ ತಪ್ಪಾಗಿರಲಿಲ್ಲ. ಬೆಳೆಸುವವನೂ ಹಬ್ಬಿಸುವವನೂ ಒಬ್ಬನೇ ಇರಬಹುದು ಅಂತ ವಿಜ್ಞಾನಿಗಳಿಗೂ ತಿಳಿಯೋಕೆ ಏಳು ವರ್ಷ ಹಿಡಿದಿತ್ತು.